ಅಡುಗೆ ಬೇಕು, ಅಡುಗೆಯವ ಬೇಡ

2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಯ ಬಣ್ಣಕ್ಕೂ ಅದೇ ಗತಿಯಾಯಿತು. ಆದೇಶವಿದ್ದದ್ದು ಬಣ್ಣದ ಮೇಲೆ, ಖಾದ್ಯದ ಮೇಲಲ್ಲ. ಆದರೂ ನಾಡಿನಲ್ಲಿ ಎದ್ದ ಗದ್ದಲವನ್ನು ಕಂಡವರಿಗೆ ಯಾರೋ ಹೋಳಿಗೆಯನ್ನೋ ಬಿಸಿಬೇಳೆಬಾತನ್ನೋ ಕಿತ್ತುಕೊಂಡರೇನೋ ಎನಿಸುವಂತಿತ್ತು. ತಳ್ಳುಗಾಡಿಯವರ ಹೊಟ್ಟೆಪಾಡಿನ ಚರ್ಚೆ ನಡೆಯಿತು, ಮಕ್ಕಳ ಆರೋಗ್ಯದ ಚರ್ಚೆ ನಡೆಯಿತು. ಈ ತಿನಿಸು ಇಲ್ಲಿಗೆ ಬಂದದ್ದು ಹೇಗೆ, ತಂದವರು ಯಾರು, ತಂದವರನ್ನು ಈ ದೇಶ ಹೇಗೆ ನಡೆಸಿಕೊಂಡಿತು ಎಂಬ ಪ್ರಶ್ನೆ ಮಾತ್ರ ಎಲ್ಲಿಯೂ ಏಳಲಿಲ್ಲ.

ಏಳಬೇಕಿತ್ತು. ಚುನಾವಣೆ ಬಂದಾಗಲೆಲ್ಲ ‘ಹೊರಗಿನವರು’ ಎಂಬ ಶಬ್ದ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು ತೊಟ್ಟು ಬರುತ್ತದೆ. ಮುಂಬಯಿಯಲ್ಲಿ ಬಿಹಾರಿ, ಬೆಂಗಳೂರಿನಲ್ಲಿ ಉತ್ತರದವನು, ಅಸ್ಸಾಮಿನಲ್ಲಿ ಬಂಗಾಳಿ. ಆ ಶಬ್ದವನ್ನು ಉಚ್ಚರಿಸುವ ನಾಲಿಗೆಯೇ ಸಂಜೆ ಹೊರಗಿನವನ ಅಡುಗೆಯನ್ನು ಚಪ್ಪರಿಸುತ್ತದೆ. ಈ ದೇಶದಲ್ಲಿ ತಿನಿಸಿಗೆ ಪೌರತ್ವ ಸಿಗುವುದು ಸುಲಭ. ಅದನ್ನು ಬೇಯಿಸಿದ ಕೈಗೆ ಸಿಗುವುದು ಕಷ್ಟ.

ಮಂಚೂರಿಯ ಮೂಲ, ದೇವಲಿಯ ಶಿಬಿರ

ಮಂಚೂರಿಯಾ ಪ್ರಾಂತಕ್ಕೂ ಗೋಬಿ ಮಂಚೂರಿಗೂ ಹೆಸರಿನ ಹೊರತು ಯಾವ ನಂಟೂ ಇಲ್ಲ. ಹೂಕೋಸು ಬ್ರಿಟಿಷರ ಕಾಲದಲ್ಲಿ ಈ ನೆಲಕ್ಕೆ ಬಂದ ತರಕಾರಿ. ಅದನ್ನು ಅದ್ದುವ ಹಿಟ್ಟು ಮೆಕ್ಕೆಜೋಳದ್ದು, ಮೆಕ್ಕೆಜೋಳ ಅಮೆರಿಕ ಖಂಡದ್ದು. ಮೆಣಸಿನಕಾಯಿಯೂ ಅಲ್ಲಿಯದೇ. ಸೋಯಾ ಸಾಸ್ ಚೀನದ್ದು. ಶುಂಠಿ, ಬೆಳ್ಳುಳ್ಳಿ ಮಾತ್ರ ಇಲ್ಲಿ ಹಳಬರು. ಇವನ್ನೆಲ್ಲ ಒಂದೇ ಬಾಣಲೆಗೆ ತಂದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ನೆಲ್ಸನ್ ವಾಂಗ್ ಅವರಿಗೆ. ಕೋಲ್ಕತ್ತದ ಚೀನೀ ಕುಟುಂಬದಲ್ಲಿ ಹುಟ್ಟಿ, ಬದುಕನ್ನರಸಿ ಮುಂಬಯಿಗೆ ಬಂದ ಅವರು 1975ರ ಹೊತ್ತಿಗೆ ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ‘ಮಂಚೂರಿಯನ್’ ಎಂಬುದನ್ನು ಕೋಳಿಮಾಂಸದಿಂದ ಮಾಡಿದರು. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಸಸ್ಯಾಹಾರಿ ಗಿರಾಕಿಗಳಿಗಾಗಿ. ಇಂದು ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಹಾಸನದ ಬಸ್ ನಿಲ್ದಾಣದವರೆಗೆ ಅದಿಲ್ಲದ ಸಂಜೆಯಿಲ್ಲ. ಮದುವೆಯೂಟದ ಎಲೆಯ ಮೇಲೂ ಅದು ಕೋಸಂಬರಿಯ ಪಕ್ಕದಲ್ಲಿ ಸಂಕೋಚವಿಲ್ಲದೆ ಕೂರುತ್ತದೆ.

ವಾಂಗ್ ಅವರದು ಒಂಟಿ ಕುಟುಂಬವಲ್ಲ. 18ನೆಯ ಶತಮಾನದ ಕೊನೆಯ ಭಾಗದಿಂದ ಚೀನೀಯರು ಕೋಲ್ಕತ್ತಕ್ಕೆ ಬಂದು ನೆಲೆಸಿದರು. ಬಡಗಿಗಳು, ಚರ್ಮ ಹದಮಾಡುವ ಹಕ್ಕಾ ಜನ, ಪಾದರಕ್ಷೆ ಮಾಡುವವರು, ಹಲ್ಲಿನ ವೈದ್ಯರು, ಅಸ್ಸಾಮಿನ ಚಹಾ ತೋಟಗಳ ಕೆಲಸಗಾರರು. ಹಲವು ಕುಟುಂಬಗಳಿಗೆ ಭಾರತದ ಹೊರತು ಬೇರೆ ದೇಶವೇ ಗೊತ್ತಿರಲಿಲ್ಲ. 1962ರ ಯುದ್ಧ ಬಂತು. ವಿದೇಶೀಯರ ಕಾನೂನನ್ನು ಸುಗ್ರೀವಾಜ್ಞೆಯಿಂದ ಹಿಗ್ಗಿಸಿ, ತಂದೆತಾಯಿಯರಲ್ಲಿ ಅಥವಾ ಅಜ್ಜಅಜ್ಜಿಯರಲ್ಲಿ ಒಬ್ಬರು ಶತ್ರುದೇಶದ ಪ್ರಜೆಯಾಗಿದ್ದರೂ ಸಾಕು, ಬಂಧಿಸಬಹುದೆಂದು ಮಾಡಲಾಯಿತು. ಸುಮಾರು 3,000 ಮಂದಿಯನ್ನು, ಮುದುಕರು ಹಸುಗೂಸುಗಳೆನ್ನದೆ, ಹೆಚ್ಚಿನವರನ್ನು ಅಸ್ಸಾಮು ಮತ್ತು ಉತ್ತರ ಬಂಗಾಳದ ಕಡೆಯಿಂದ ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿಗೆ ಸಾಗಿಸಲಾಯಿತು. ಸ್ವಾತಂತ್ರ್ಯ ಹೋರಾಟದಲ್ಲಿ ಜಯಪ್ರಕಾಶ ನಾರಾಯಣರನ್ನು ಬ್ರಿಟಿಷರು ಕೂಡಿಹಾಕಿದ್ದು ಅದೇ ದೇವಲಿಯಲ್ಲಿ. ಯುದ್ಧ ನಡೆದದ್ದು ಒಂದು ತಿಂಗಳು. ಶಿಬಿರದ ಕೊನೆಯ ಬಂದಿಗಳು ಹೊರಬಂದದ್ದು 1967ರಲ್ಲಿ. ಮರಳಿದವರಲ್ಲಿ ಹಲವರ ಮನೆ ಅಂಗಡಿಗಳು ಹರಾಜಾಗಿದ್ದವು. ಎಷ್ಟೋ ಮಂದಿಯನ್ನು ಹಡಗು ಹತ್ತಿಸಿ, ಅವರು ಕಾಣದ ಚೀನಕ್ಕೆ ಕಳುಹಿಸಲಾಗಿತ್ತು. ಉಳಿದವರಲ್ಲಿಯೂ ಬಹುಮಂದಿ ಕೆನಡಾಕ್ಕೋ ಆಸ್ಟ್ರೇಲಿಯಕ್ಕೋ ಹೊರಟುಹೋದರು.

ಅವರ ಮೇಲೆ ಬೇಹುಗಾರಿಕೆಯ ಮೊಕದ್ದಮೆ ನಡೆದು ತಪ್ಪು ಸಾಬೀತಾಗಿರಲಿಲ್ಲ. ಮುಖಲಕ್ಷಣವೇ ಅಪರಾಧವಾಗಿತ್ತು. ಭಾರತ ಸರ್ಕಾರ ಇಂದಿನವರೆಗೆ ಆ ಕುಟುಂಬಗಳ ಕ್ಷಮೆ ಕೇಳಿಲ್ಲ. ಕೋಲ್ಕತ್ತದ ಟಾಂಗ್ರಾದಲ್ಲಿ ಉಳಿದ ಹಕ್ಕಾ ಕುಟುಂಬಗಳ ಚರ್ಮದ ಕಾರ್ಖಾನೆಗಳನ್ನು ನಗರದ ಹೊರಗೆ ಸಾಗಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ ಮೇಲೆ ಅವುಗಳಲ್ಲಿ ಹಲವು ಹೋಟೆಲುಗಳಾದವು. ದೇಶ ಅವರಿಂದ ಬಯಸಿದ್ದು ಅದೊಂದನ್ನೇ: ನೀವು ಬೇಯಿಸಿರಿ, ಬಡಿಸಿರಿ, ಉಳಿದದ್ದನ್ನು ಕೇಳಬೇಡಿರಿ. ಗೋಬಿ ಮಂಚೂರಿಯ ಕೆಂಪು ಆರೋಗ್ಯಕ್ಕೆ ಹಾನಿಕರವೆಂದು ಕಂಡುಹಿಡಿಯಲು ಪ್ರಯೋಗಾಲಯಗಳಿವೆ. ದೇವಲಿಯ ಕಪ್ಪನ್ನು ಪರೀಕ್ಷಿಸಲು ಯಾವ ಪ್ರಯೋಗಾಲಯವನ್ನೂ ತೆರೆದಿಲ್ಲ.

ಶುದ್ಧ ಪರಂಪರೆಯ ಸುಳ್ಳು ಲೆಕ್ಕ

‘ಹೊರಗಿನವರಿಂದ ನಮ್ಮ ಆಹಾರ ಸಂಸ್ಕೃತಿ ಕೆಟ್ಟಿತು’ ಎನ್ನುವವರು ಮೊದಲು ತಮ್ಮ ಉಗ್ರಾಣದ ಲೆಕ್ಕ ಒಪ್ಪಿಸಲಿ. 16ನೆಯ ಶತಮಾನಕ್ಕೆ ಮುಂಚೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಏಕೆಂದರೆ ಪೋರ್ಚುಗೀಸರು ಅದನ್ನು ಹಡಗಿನಿಂದ ಇಳಿಸುವವರೆಗೆ ಭಾರತದಲ್ಲಿಯೇ ಇರಲಿಲ್ಲ. ಕನ್ನಡಕ್ಕೆ ಮೊದಲಿಂದ ಗೊತ್ತಿದ್ದದ್ದು ಮೆಣಸು. ಹೊಸಬನಿಗೆ ಅದೇ ಹೆಸರಿನ ಬಾಲದಲ್ಲಿ ಒಂದು ‘ಕಾಯಿ’ ಸೇರಿಸಿ ಮನೆಯೊಳಗೆ ಕರೆದುಕೊಂಡರು. ಆಲೂಗಡ್ಡೆಯನ್ನು ಕರಾವಳಿಯವರು ಬಟಾಟೆ ಎನ್ನುವಾಗ ನುಡಿಯುತ್ತಿರುವುದು ಪೋರ್ಚುಗೀಸ್ ಶಬ್ದವನ್ನು. ಪರಂಗಿಹಣ್ಣಿನ ಹೆಸರಿನಲ್ಲಿಯೇ ಪರಂಗಿಯವನಿದ್ದಾನೆ. ಸೀಮೆಬದನೆಯ ‘ಸೀಮೆ’ ಎಂದರೆ ಪರಸೀಮೆ. ಭಾಷೆ ಪ್ರಾಮಾಣಿಕವಾಗಿದೆ. ಯಾರು ಎಲ್ಲಿಂದ ಬಂದರೆಂಬುದನ್ನು ಅದು ಮುಚ್ಚಿಟ್ಟಿಲ್ಲ, ಬಂದವರನ್ನು ಹೊರಗೂ ನಿಲ್ಲಿಸಿಲ್ಲ.

ನಿಜವಾಗಿಯೂ ‘ಶುದ್ಧ’ವಾದ ಅಡುಗೆ ಬೇಕೆನ್ನುವವರಿಗೆ ಒಂದು ಮಾದರಿ ಇದೆ. ಇಂದಿಗೂ ಎಷ್ಟೋ ಮನೆಗಳ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಹೂಕೋಸು ಬರುವುದಿಲ್ಲ. ಖಾರಕ್ಕೆ ಕಾಳುಮೆಣಸು, ತರಕಾರಿಗೆ ಬಾಳೆಕಾಯಿ, ಹಾಗಲ, ಸುವರ್ಣಗಡ್ಡೆ. ವಲಸೆ ಬಂದ ತರಕಾರಿಗಳಿಗೆ ಮುಂಚಿನ ಅಡುಗೆಯ ನೆನಪು ಅಲ್ಲಿ ಉಳಿದಿದೆ. ಅಂದರೆ ಶುದ್ಧ ಪರಂಪರೆಯ ಎಲೆ ವರ್ಷಕ್ಕೊಮ್ಮೆ ಪಿತೃಗಳಿಗೆ ಮೀಸಲು. ಬದುಕಿರುವವರು ಉಳಿದ 364 ದಿನ ಉಣ್ಣುತ್ತಿರುವುದು ಬೆರಕೆಯ ಊಟವನ್ನು, ಅದನ್ನೂ ‘ಅಜ್ಜಿಯ ಕೈರುಚಿ’ ಎಂಬ ಹೆಸರಿನಲ್ಲಿ.

ಇದಕ್ಕೆ ಸಿದ್ಧವಾಗಿರುವ ಉತ್ತರವೊಂದಿದೆ: ಬೀಜ ಬಂದರೆ ಬರಲಿ, ಜನ ಬರುವುದೇಕೆ? ಬೀಜ ತಾನಾಗಿ ನಡೆದು ಬರುವುದಿಲ್ಲವೆಂಬುದನ್ನು ಈ ಉತ್ತರ ಮರೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಡುಗೆಯೆಂಬುದು ಪದಾರ್ಥಗಳ ಪಟ್ಟಿಯಲ್ಲ. ಹಿಟ್ಟು ಹುಳಿಯುವ ಹದ, ಒಲೆಯ ಕಾವು, ಒಗ್ಗರಣೆಯ ಕ್ಷಣ ಇವೆಲ್ಲ ಇರುವುದು ಕೈಯಲ್ಲಿ, ಕೈ ಇರುವುದು ಮನುಷ್ಯನಿಗೆ. ಮುಂಬಯಿಗೆ ಪಾವು ಬಂದದ್ದು ಗೋವೆಯ ಬೇಕರಿಯವರ ಕೈಯಲ್ಲಿ. ಬ್ರುನ್ ಮಸ್ಕಾ ಮತ್ತು ಚಹಾ ಬಂದದ್ದು 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಆರಂಭದಲ್ಲಿ ಯಜ್ದ್, ಕೆರ್ಮಾನ್ ಸೀಮೆಯ ಬಡತನ ಮತ್ತು ಕಿರುಕುಳದಿಂದ ಓಡಿಬಂದ ಇರಾನಿಗಳ ಕೈಯಲ್ಲಿ. ದೆಹಲಿಗೆ ತಂದೂರು ಹೋಟೆಲು ಬಂದದ್ದು 1947ರಲ್ಲಿ ಪೇಶಾವರ, ಲಾಹೋರುಗಳಿಂದ ಉಟ್ಟಬಟ್ಟೆಯಲ್ಲಿ ಬಂದ ನಿರಾಶ್ರಿತರ ಕೈಯಲ್ಲಿ. ‘ದಾಲ್ ಮಖನಿ’ಯನ್ನು ಮೊದಲು ಮಾಡಿದವರು ಯಾರೆಂದು 2024ರಲ್ಲಿ ಎರಡು ಹೋಟೆಲುಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಎರಡೂ ಕಡೆಯವರು ತೋರಿಸುವ ಮೂಲಪುರುಷರು ಪೇಶಾವರದಿಂದ ಬಂದ ನಿರಾಶ್ರಿತರೇ. ಗಡಿ ದಾಟಿ ಬಂದದ್ದು ಇಂದು ಆಸ್ತಿಯಾಗಿದೆ, ಹಕ್ಕುಸ್ವಾಮ್ಯದ ವಸ್ತುವಾಗಿದೆ. ಬಂದ ದಿನ ಅದು ಬರಿಯ ಹಸಿವಾಗಿತ್ತು.

ಪುಂಗಿ, ಲುಂಗಿ ಮತ್ತು ವಡಾಪಾವು

ಈ ಮಾತು ಮುಂಬಯಿ ಕನ್ನಡಿಗರಿಗೆ ಪುಸ್ತಕದ ಮಾತಲ್ಲ. ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗರು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಆ ನಗರಕ್ಕೆ ಹೋದದ್ದು ಸಾಹಸಕ್ಕಾಗಿ ಅಲ್ಲ. ಗೇಣಿಯ ಗದ್ದೆಯಲ್ಲಿ ಹತ್ತು ಬಾಯಿಗೆ ಅಕ್ಕಿ ಸಾಲುತ್ತಿರಲಿಲ್ಲ. ಹಗಲು ತಟ್ಟೆ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನ ಮೇಜುಗಳನ್ನೇ ಜೋಡಿಸಿ ಮಲಗಿದವರು ಒಂದು ಮಹಾನಗರದ ಊಟದ ಕ್ರಮವನ್ನೇ ಬದಲಿಸಿದರು. 1942ರಲ್ಲಿ ಮಾಟುಂಗದಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ ಇಂದಿಗೂ ನಡೆದಿದೆ. ಗಿರಣಿ ಕೆಲಸಗಾರ, ಗುಮಾಸ್ತ, ಪರವೂರಿನ ವಿದ್ಯಾರ್ಥಿ ಯಾರೇ ಆಗಲಿ, ಜಾತಿ ಕೇಳದೆ ಒಂದೇ ಮೇಜಿಗೆ ಕೂರಿಸಿ, ಶುಚಿಯಾದುದನ್ನು ಅಗ್ಗದ ಬೆಲೆಗೆ ಕ್ಷಣಾರ್ಧದಲ್ಲಿ ಬಡಿಸುವುದು ಆ ಹೋಟೆಲುಗಳ ದೊಡ್ಡ ಕಾಣಿಕೆ. ‘ಉಡುಪಿ’ ಎಂಬ ಊರಿನ ಹೆಸರು ಮುಂಬಯಿಯಲ್ಲಿ ಹೋಟೆಲಿನ ಪರ್ಯಾಯಪದವೇ ಆಯಿತು.

ಬದಲಾದದ್ದು ಮುಂಬಯಿ ಮಾತ್ರವಲ್ಲ. ಉಡುಪಿಯ ಸಾಂಬಾರು ಗುಜರಾತಿ ನಾಲಿಗೆಗಾಗಿ ಸಿಹಿಯಾಯಿತು. ದೋಸೆಯ ಹೊಟ್ಟೆಗೆ ಚೀಸ್ ಇಳಿಯಿತು. ಮೈಸೂರಿನವರು ಗುರುತು ಹಿಡಿಯದ ‘ಮೈಸೂರು ಮಸಾಲೆ’ ಹುಟ್ಟಿತು. ಕುಂದಾಪುರದ ಬಾಣಸಿಗ ಪಾವ್‌ಭಾಜಿ ಕುಟ್ಟಲು ಕಲಿತ. ವಲಸೆ ಒಮ್ಮುಖದ ವ್ಯವಹಾರವಲ್ಲ. ಬಂದವನೂ ಬದಲಾಗುತ್ತಾನೆ, ಬರಮಾಡಿಕೊಂಡವನೂ ಬದಲಾಗುತ್ತಾನೆ. ಇಬ್ಬರ ನಡುವೆ ಹುಟ್ಟುವುದನ್ನೇ ಮುಂದಿನ ತಲೆಮಾರು ‘ನಮ್ಮದು’ ಎನ್ನುತ್ತದೆ.

ಇದಕ್ಕೆ ಸಿಕ್ಕ ಪ್ರತಿಫಲವೇನು? 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣ ಭಾರತೀಯರು. ಕಚೇರಿಗಳಲ್ಲಿನ ದಕ್ಷಿಣದವರ ಹೆಸರುಗಳ ಪಟ್ಟಿ ‘ಮಾರ್ಮಿಕ್’ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ‘ಬಜಾವೋ ಪುಂಗಿ, ಹಟಾವೋ ಲುಂಗಿ’ ಎಂಬ ಘೋಷಣೆ ಬೀದಿಯಲ್ಲಿ ಮೊಳಗಿತು. ಉಡುಪಿ ಹೋಟೆಲುಗಳ ಗಾಜುಗಳು ಒಡೆದವು. ಅದೇ ವರ್ಷ ದಾದರ್ ನಿಲ್ದಾಣದ ಹೊರಗೆ ಅಶೋಕ ವೈದ್ಯ ಎಂಬವರು ವಡಾಪಾವಿನ ಗಾಡಿ ಹಾಕಿದರೆಂದು ಹೇಳಲಾಗುತ್ತದೆ. ಉಡುಪಿ ಹೋಟೆಲಿಗೆ ಪ್ರತಿಯಾಗಿ ಮರಾಠಿ ತರುಣರು ವಡಾಪಾವಿನ ಗಾಡಿಗಳನ್ನು ಹಾಕಬೇಕೆಂದು ಸೇನೆ ಹುರಿದುಂಬಿಸಿತು. ಮರಾಠಿ ತರುಣರಿಗೆ ದುಡಿಮೆ ಬೇಕಿತ್ತು, ಗಾಡಿ ಹಾಕಿದ್ದರಲ್ಲಿ ತಪ್ಪೇನಿಲ್ಲ. ಆದರೆ ‘ಮಣ್ಣಿನ ಮಕ್ಕಳ’ ಆ ಲಾಂಛನವನ್ನು ಬಿಡಿಸಿ ನೋಡಿದರೆ ಪಾವು ಪೋರ್ಚುಗೀಸರದು, ಬಟಾಟೆ ಅಮೆರಿಕದ್ದು, ಹಸಿಮೆಣಸಿನಕಾಯಿಯೂ ಅಮೆರಿಕದ್ದು. ಹೊರಗಿನವರನ್ನು ಓಡಿಸಲು ಎತ್ತಿಕೊಂಡ ಆಯುಧವೇ ಆಪಾದಮಸ್ತಕ ಹೊರಗಿನದಾಗಿತ್ತು.

ಮುಂಬಯಿಯಲ್ಲಿ ವಲಸಿಗ, ಬೆಂಗಳೂರಿನಲ್ಲಿ ಭೂಮಿಪುತ್ರ

ಆ ದಿನಗಳ ಗಾಯವನ್ನು ಇಂದಿಗೂ ನೆನೆಯುವ ಎಷ್ಟೋ ಕುಟುಂಬಗಳ ಮುಂದಿನ ತಲೆಮಾರು ಬೆಂಗಳೂರಿನಲ್ಲಿ ನೆಲೆಸಿದೆ. ಅಲ್ಲಿ ಅದರ ಬಾಯಲ್ಲಿ ಬರುವ ಮಾತು ಬೇರೆ. ಮುಂಬಯಿಯಲ್ಲಿ ‘ದೇಶದ ಎಲ್ಲಿ ಬೇಕಾದರೂ ಬದುಕುವ ಹಕ್ಕು’ ಎನ್ನುವವರು ಬೆಂಗಳೂರಿನಲ್ಲಿ ‘ಊರು ತುಂಬ ಹೊರಗಿನವರೇ’ ಎನ್ನುತ್ತಾರೆ. ಜಮಾ ಬದಿಗೆ ಬರೆದುಕೊಂಡ ತತ್ತ್ವವನ್ನು ಖರ್ಚಿನ ಬದಿಯಲ್ಲಿ ಅಳಿಸಿಹಾಕುವ ಲೆಕ್ಕವಿದು. ಯಾವ ಪರಿಶೋಧಕನೂ ಇದಕ್ಕೆ ಸಹಿ ಹಾಕಲಾರ.

2012ರ ಆಗಸ್ಟ್ ಮಧ್ಯದಲ್ಲಿ ವದಂತಿಯೊಂದು ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನಗಳಲ್ಲಿ ಬೆಂಗಳೂರನ್ನು ತೊರೆದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಹೋಗಬೇಡಿರೆಂದು ಕೇಳಿಕೊಳ್ಳಲು ಮಂತ್ರಿಗಳೇ ನಿಲ್ದಾಣಕ್ಕೆ ಹೋದರು. ಹೋದವರಲ್ಲಿ ಅನೇಕರು ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುತ್ತಿದ್ದವರು. ವದಂತಿ ಸುಳ್ಳಾಗಿತ್ತು. ಆದರೆ ಅದನ್ನು ನಂಬಲು ಅವರಿಗೆ ಕಾರಣಗಳಿದ್ದವು. ಬೀದಿಯಲ್ಲಿ, ಬಾಡಿಗೆಮನೆಯಲ್ಲಿ, ಬಸ್ಸಿನಲ್ಲಿ ಅವರನ್ನು ಕರೆಯುತ್ತಿದ್ದ ಹೆಸರುಗಳೇ ಆ ಕಾರಣ. 1962ರಲ್ಲಿ ಮುಖಲಕ್ಷಣ ನೋಡಿ ರೈಲು ಹತ್ತಿಸಿದ ದೇಶದಲ್ಲಿ, ಅರ್ಧ ಶತಮಾನದ ಬಳಿಕ, ಮುಖಲಕ್ಷಣದ ಭಯಕ್ಕೆ ಜನ ತಾವಾಗಿಯೇ ರೈಲು ಹತ್ತಿದರು. ಮೊಮೊ ಮಾತ್ರ ಊರು ಬಿಡಲಿಲ್ಲ.

ಚೆನ್ನೈನ ಕನ್ನಡಿಗರಿಗೆ ಇನ್ನೊಂದು ದಿನಾಂಕ ನೆನಪಿದೆ. 2016ರ ಸೆಪ್ಟೆಂಬರ್ 12ರಂದು, ಕಾವೇರಿಯ ಕಿಚ್ಚಿನಲ್ಲಿ, ಮೈಲಾಪುರದಲ್ಲಿ ಕನ್ನಡಿಗರ ಒಡೆತನದ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಬಿತ್ತು. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಉರಿದದ್ದೂ ಅದೇ ದಿನ. ಮಸಾಲೆದೋಸೆಯನ್ನು ಮದರಾಸಿಗೆ ಉಣಿಸಿದವರಿಗೆ ಆ ಉಪಕಾರ ರಕ್ಷಣೆಯಾಗಲಿಲ್ಲ. ಬೆಂಗಳೂರಿಗೆ ದುಡಿದ ತಮಿಳರಿಗೂ ದುಡಿಮೆ ರಕ್ಷಣೆಯಾಗಲಿಲ್ಲ.

ಭಾಷೆಯ ಪ್ರಶ್ನೆಯನ್ನು ಇಲ್ಲಿ ತೇಲಿಸಿ ಬಿಡುವಂತಿಲ್ಲ. ಬಂದವರು ಕನ್ನಡ ಕಲಿಯಬೇಕೆಂಬ ಅಪೇಕ್ಷೆ ನ್ಯಾಯವಾದದ್ದು. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಹತ್ತು ಮಾತು ಕಲಿಯದೆ, ಕಲಿಯದಿರುವುದನ್ನೇ ಹಿರಿಮೆಯಾಗಿ ಹೇಳಿಕೊಳ್ಳುವವರ ಸೊಕ್ಕು ಖಂಡನೀಯ. ಉಡುಪಿ ಹೋಟೆಲಿನ ಹುಡುಗ ಮಾಟುಂಗದಲ್ಲಿ ಮರಾಠಿ, ಗುಜರಾತಿ, ತಮಿಳು ಮೂರನ್ನೂ ಮೇಜು ಒರೆಸುತ್ತಲೇ ಕಲಿತ. ಆದರೆ ಕಲಿಯಲು ಹೇಳುವುದು ಒಂದು, ಕಲಿಯಲಿಲ್ಲವೆಂದು ಕೆನ್ನೆಗೆ ಹೊಡೆದು ಅದರ ವಿಡಿಯೊ ಹರಿಯಬಿಡುವುದು ಇನ್ನೊಂದು. ಮೊದಲನೆಯದು ಭಾಷೆಗೆ ಜನರನ್ನು ಕೂಡಿಸುತ್ತದೆ. ಎರಡನೆಯದು ಜನರನ್ನಷ್ಟೇ ಕಳೆಯುತ್ತದೆ. ಕನ್ನಡದ ಅಳಿವು ಉಳಿವಿನ ನಿಜವಾದ ಲೆಕ್ಕ ಶಾಲೆಗಳಲ್ಲಿ, ನ್ಯಾಯಾಲಯಗಳಲ್ಲಿ, ಬ್ಯಾಂಕಿನ ಕಿಟಕಿಗಳಲ್ಲಿ ಇದೆ. ಗೋಬಿ ಗಾಡಿಯವನ ಕೊರಳಪಟ್ಟಿಯಲ್ಲಿ ಇಲ್ಲ.

ರುಚಿ ಹಕ್ಕಾಗದು

ವಲಸಿಗರ ಪರ ಮಾತಾಡುವವರ ವಾದವನ್ನೂ ಪರೀಕ್ಷಿಸಬೇಕಾಗಿದೆ. ‘ವಲಸೆಯಿಂದ ಆಹಾರ ಸಮೃದ್ಧವಾಗುತ್ತದೆ, ಆದ್ದರಿಂದ ವಲಸಿಗರನ್ನು ಆದರಿಸಿರಿ’ ಎಂಬುದು ಅವರ ವಾದ. ಅದರ ಮೊದಲರ್ಧ ನಿಜ. ಆದರೆ ‘ಆದ್ದರಿಂದ’ ಎಂಬ ಪದ ಬಹಳ ದುರ್ಬಲವಾದದ್ದು. ಎಷ್ಟು ದುರ್ಬಲ ಎಂಬುದಕ್ಕೆ ಬ್ರಿಟನ್ ಸಾಕ್ಷಿ.

ಬ್ರಿಟಿಷರ ಹೆಮ್ಮೆಯ ‘ಫಿಶ್ ಅಂಡ್ ಚಿಪ್ಸ್’ನಲ್ಲಿನ ಹಿಟ್ಟಿನಲ್ಲಿ ಕರಿದ ಮೀನು ಯಹೂದಿಗಳೊಂದಿಗೆ ಬಂದದ್ದು. ಅದನ್ನು ಚಿಪ್ಸ್ ಜೊತೆಗೂಡಿಸಿ ಮಾರಿದ ಮೊದಲಿಗರಲ್ಲಿ ಒಬ್ಬರೆಂದು ಹೆಸರಾದ ಜೋಸೆಫ್ ಮಾಲಿನ್, 1860ರ ಸುಮಾರಿನ ಪೂರ್ವ ಲಂಡನ್ನಿನ ಯಹೂದಿ. ಅದೇ ಪೂರ್ವ ಲಂಡನ್ನಿಗೆ ಪೂರ್ವ ಯೂರೋಪಿನಿಂದ ಬರುತ್ತಿದ್ದ ಬಡ ಯಹೂದಿಗಳನ್ನು ತಡೆಯಲೆಂದು ಬ್ರಿಟನ್ 1905ರಲ್ಲಿ ಪರಕೀಯರ ಕಾಯಿದೆಯನ್ನು ತಂದಿತು. ಮೀನು ರಾಷ್ಟ್ರೀಯ ಖಾದ್ಯವಾಯಿತು, ಮೀನಿನವನ ಬಂಧುಗಳಿಗೆ ಬಾಗಿಲು ಮುಚ್ಚಿತು.

ಆಮೇಲಿನ ಸರದಿ ಭಾರತ ಉಪಖಂಡದವರದು. 1810ರಲ್ಲಿ ಪಟ್ನಾ ಮೂಲದ ದೀನ್ ಮಹಮ್ಮದ್ ಲಂಡನ್ನಿನಲ್ಲಿ ತೆರೆದ ‘ಹಿಂದೂಸ್ತಾನಿ’ ಕಾಫಿ ಹೌಸು ಎರಡೇ ವರ್ಷಗಳಲ್ಲಿ ಅವರನ್ನು ದಿವಾಳಿಗೆ ತಂದಿತು. ಮುಂದಿನ ಶತಮಾನದಲ್ಲಿ ಹಡಗುಗಳಲ್ಲಿ ಕೂಲಿ ಮಾಡುತ್ತಿದ್ದ ಸಿಲ್ಹೆಟ್ ಸೀಮೆಯವರು ಬಂದರುಗಳಲ್ಲಿ ಇಳಿದು, ಬ್ರಿಟನ್ನಿನ ಊರೂರಿಗೂ ಕರಿ ಹೋಟೆಲನ್ನು ಒಯ್ದರು. 1978ರ ಮೇ 4ರಂದು, ಆ ಹೋಟೆಲುಗಳಿಗೆ ಹೆಸರಾದ ಬ್ರಿಕ್ ಲೇನ್ ಸಮೀಪದಲ್ಲಿಯೇ, ಅಲ್ತಾಬ್ ಅಲಿ ಎಂಬ ತರುಣ ಬಟ್ಟೆ ಕೆಲಸಗಾರನನ್ನು ಜನಾಂಗದ್ವೇಷಕ್ಕೆ ಕೊಂದರು. ಅವನ ಶವಪೆಟ್ಟಿಗೆಯ ಹಿಂದೆ ಸಾವಿರಾರು ಜನ ಪ್ರಧಾನಿಯ ಮನೆಯವರೆಗೆ ನಡೆದರು. 2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಅವರು ಚಿಕನ್ ಟಿಕ್ಕಾ ಮಸಾಲೆಯನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದು ಹೊಗಳಿದರು. ಭಾಷಣ ಜಗತ್ಪ್ರಸಿದ್ಧವಾಯಿತು. ಹದಿನೈದೇ ವರ್ಷಗಳಲ್ಲಿ ಅದೇ ಬ್ರಿಟನ್, ಹೊರದೇಶದ ಬಾಣಸಿಗನನ್ನು ಕರೆಸಬೇಕಾದರೆ ವರ್ಷಕ್ಕೆ ಕನಿಷ್ಠ 29,570 ಪೌಂಡ್ ವೇತನ ಕೊಡಬೇಕೆಂದು ನಿಯಮ ಮಾಡಿತು. ಊಟವನ್ನು ಕಟ್ಟಿಕೊಡುವ ಹೋಟೆಲಿಗೆ ಆ ಅವಕಾಶವೂ ಇರಲಿಲ್ಲ. ಸಣ್ಣ ಊರಿನ ಕರಿ ಹೋಟೆಲು ಅಷ್ಟನ್ನು ಕೊಡುವುದೆಲ್ಲಿಂದ? ಯೂರೋಪಿನಿಂದ ಹೊರಬಂದರೆ ಉಪಖಂಡದ ಅಡುಗೆಯವರಿಗೆ ದಾರಿ ತೆರೆಯುವುದೆಂಬ ಮಾತನ್ನು ನಂಬಿ ಆ ವರ್ಷದ ಜನಮತದಲ್ಲಿ ಬ್ರೆಕ್ಸಿಟ್ ಪರ ನಿಂತ ಹೋಟೆಲ್ ಮಾಲೀಕರು, ಆಮೇಲೆ ಮೋಸಹೋದೆವೆಂದು ಹಲುಬಿದರು.

ರುಚಿ ಯಾರನ್ನೂ ಕಾಪಾಡುವುದಿಲ್ಲ. ಅಲ್ತಾಬ್ ಅಲಿಯನ್ನು ಕೊಂದವರ ಊರಿನಲ್ಲಿ ಕರಿಗೆ ಕೊರತೆ ಇರಲಿಲ್ಲ. ಉಡುಪಿ ಹೋಟೆಲಿನ ಗಾಜು ಒಡೆದವರು ಇಡ್ಲಿಯ ವಿರೋಧಿಗಳಲ್ಲ. ಮನುಷ್ಯನ ಬೆಲೆಯನ್ನು ಅವನು ಬಡಿಸುವ ತಟ್ಟೆಯಿಂದ ಕಟ್ಟಲು ಹೊರಟರೆ, ಅಡುಗೆ ಬಾರದ ವಲಸಿಗನ ಗತಿಯೇನು? ಮೆಟ್ರೊ ಸುರಂಗ ಕೊರೆಯುವ ಝಾರ್ಖಂಡದವನು, ಗಾರೆ ಹೊರುವ ರಾಯಚೂರಿನ ಹೆಂಗಸು, ರಾತ್ರಿ ಕಾವಲಿನ ನೇಪಾಳಿ ಇವರಾರೂ ಊರಿನ ನಾಲಿಗೆಗೆ ಏನನ್ನೂ ಕೊಟ್ಟಿಲ್ಲ. ಅವರಿಗೆ ಹಕ್ಕಿಲ್ಲವೆ? ಸಂವಿಧಾನದ 19ನೆಯ ವಿಧಿ ಭಾರತದ ಯಾವುದೇ ಭಾಗದಲ್ಲಿ ವಾಸಿಸುವ, ನೆಲೆಸುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ನಾಗರಿಕನಿಗೆ ಕೊಟ್ಟಿದೆ. ‘ರುಚಿಯಾಗಿ ಅಡುಗೆ ಮಾಡಿದರೆ’ ಎಂಬ ಷರತ್ತನ್ನು ಅದು ಹಾಕಿಲ್ಲ. 15ನೆಯ ವಿಧಿ ಹೋಟೆಲುಗಳನ್ನು ಹೆಸರಿಸಿಯೇ ಹೇಳುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ಸಂವಿಧಾನ ಬರೆದವರಿಗೆ ಊಟದ ಮೇಜಿನ ರಾಜಕೀಯ ಗೊತ್ತಿತ್ತು.

ಮನೆಯೊಳಗಿನ ಲೆಕ್ಕ

ಪರರನ್ನು ತಿದ್ದುವ ಮುನ್ನ ಮನೆಯೊಳಗೂ ಕಣ್ಣಾಡಿಸಬೇಕು. ಮುಂಬಯಿಯ ಜೈನರಲ್ಲಿ ಬಹುಪಾಲು ಗುಜರಾತ, ರಾಜಸ್ಥಾನ, ತುಳುನಾಡುಗಳಿಂದ ಬಂದವರು ಅಥವಾ ಬಂದವರ ಮಕ್ಕಳು. ಬಂದ ಊರನ್ನು ತಮ್ಮ ನಿಯಮಕ್ಕೆ ತಕ್ಕಂತೆ ಅಡುಗೆ ಮಾಡುವಂತೆ ಒಲಿಸಿಕೊಂಡ ಸಮುದಾಯ ಇದರಷ್ಟು ಇನ್ನೊಂದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾಂಬಾರು, ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದ ಜೈನ್ ಪಾವ್‌ಭಾಜಿ ಬೀದಿಬದಿಯ ಗಾಡಿಯಲ್ಲಿಯೂ ಸಿಗುತ್ತದೆ. ಅದನ್ನು ಮಾಡಿಕೊಡುವ ಬಿಹಾರದವನು, ಕುಂದಾಪುರದವನು ‘ನಿನಗೇಕೆ ಈ ಕಟ್ಟಳೆ’ ಎಂದು ಕೇಳಿದವನಲ್ಲ. ನಗರ ತೋರಿದ ಈ ಔದಾರ್ಯವನ್ನು ಉಂಡವರೇ, ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಕುಳಿತಾಗ, ಬಾಡಿಗೆಗೆ ಬರುವವನ ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ವಿಚಾರಿಸುತ್ತಾರೆ. ಅಹಿಂಸೆ ತನ್ನ ತಟ್ಟೆಗೆ ಹಾಕಿಕೊಳ್ಳುವ ವ್ರತ. ನೆರೆಯವನ ಮನೆಯ ಬಾಗಿಲಿಗೆ ಹಾಕುವ ಬೀಗವಲ್ಲ. 2015ರಲ್ಲಿ ಪರ್ಯುಷಣದ ದಿನಗಳ ಮಾಂಸ ಮಾರಾಟ ನಿಷೇಧದ ವಿವಾದ ಬಾಂಬೆ ಹೈಕೋರ್ಟಿಗೆ ಹೋದಾಗ, ‘ಹೊರಗಿನವರು’ ಎಂಬ ಕಲ್ಲು ಜೈನರ ಮೇಲೂ ಬಿತ್ತು. ಆ ಶಬ್ದಕ್ಕೆ ಶಾಶ್ವತ ಗುರಿಯೆಂಬುದಿಲ್ಲ. ಇಂದು ಎಸೆದವನ ಮೇಲೆಯೇ ನಾಳೆ ಬೀಳುತ್ತದೆ.

ಎರಡನೆಯ ಲೆಕ್ಕ ಹೋಟೆಲಿನ ಒಳಕೋಣೆಯದು. ಒಂದು ಕಾಲಕ್ಕೆ ತಟ್ಟೆ ತೊಳೆದವರ ಮಕ್ಕಳು ಇಂದು ಮಾಲೀಕರು. ತಟ್ಟೆ ತೊಳೆಯುತ್ತಿರುವವರು ಒಡಿಶಾ, ಅಸ್ಸಾಮು, ನೇಪಾಳದ ಹುಡುಗರು. ಹತ್ತು ಮಂದಿ ದುಡಿಯುವ ಹೋಟೆಲಿಗೆ ಇಎಸ್‌ಐ, ಇಪ್ಪತ್ತು ಮಂದಿ ದುಡಿಯುವಲ್ಲಿ ಭವಿಷ್ಯನಿಧಿ ಕಾನೂನಿನ ಕಟ್ಟಳೆ. ಅಡುಗೆಮನೆಯಲ್ಲಿ ಇಪ್ಪತ್ತೈದು ತಲೆಗಳಿದ್ದು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರುಗಳಿರುವ ಹೋಟೆಲುಗಳ ಕತೆ ಈ ಉದ್ಯಮದಲ್ಲಿ ಯಾರಿಗೂ ಹೊಸತಲ್ಲ. ಬಿಸಿ ಎಣ್ಣೆ ಕೈಮೇಲೆ ಬಿದ್ದ ದಿನ, ಪುಸ್ತಕದಲ್ಲಿಲ್ಲದ ಹುಡುಗನಿಗೆ ಇಎಸ್‌ಐ ಆಸ್ಪತ್ರೆಯೂ ಇಲ್ಲ, ಪರಿಹಾರವೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಹೆದ್ದಾರಿಗಳಲ್ಲಿ ಊರ ಕಡೆ ನಡೆದವರ ಸಾಲಿನಲ್ಲಿ ಇಂಥ ಹುಡುಗರೂ ಇದ್ದರು. ಅವರನ್ನು ಓಡಿಸಿದ್ದು ಯಾವ ಸೇನೆಯೂ ಅಲ್ಲ. ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದವರಿಗೆ ಉಳಿಯಲು ಆಧಾರವಿರಲಿಲ್ಲ.

ಆಗಬೇಕಾದದ್ದು ಇಷ್ಟು. ದೇವಲಿಯ ಶಿಬಿರದಲ್ಲಿ ಕೂಡಿಹಾಕಲ್ಪಟ್ಟವರಲ್ಲಿ ಬದುಕಿರುವವರು ಇಂದು ಮುಪ್ಪಿನಲ್ಲಿದ್ದಾರೆ. ಅವರು ಕಣ್ಣುಮುಚ್ಚುವ ಮುನ್ನ ಸಂಸತ್ತು ಕ್ಷಮೆ ಕೇಳಲಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳು ತಮ್ಮ ವಾರ್ಷಿಕೋತ್ಸವಗಳಲ್ಲಿ ಹೋಟೆಲ್ ಉದ್ಯಮಿಗಳಿಗೆ ಶಾಲು ಹೊದಿಸುವಾಗ ಒಂದು ಪ್ರಶ್ನೆಯನ್ನೂ ಕೇಳಲಿ: ನಿಮ್ಮ ಅಡುಗೆಮನೆಯ ಪ್ರತಿಯೊಬ್ಬನ ಹೆಸರೂ ಪುಸ್ತಕದಲ್ಲಿದೆಯೆ? ಸೊಸೈಟಿಯ ಅರ್ಜಿಯಲ್ಲಿ ಆಹಾರದ ಅಂಕಣವಿದ್ದರೆ ಅದನ್ನು ಹೊಡೆದುಹಾಕುವ ಠರಾವನ್ನು ಮಂಡಿಸುವವನು ಜೈನನೇ ಆಗಿರಲಿ. ಬೆಂಗಳೂರಿನ ಬಂಧು ದೂರವಾಣಿಯಲ್ಲಿ ‘ಹೊರಗಿನವರ ಕಾಟ’ ಎಂದಾಗ, 1966ರ ಮಾಟುಂಗದ ಒಡೆದ ಗಾಜನ್ನು ಅವನಿಗೆ ಯಾರಾದರೂ ನೆನಪಿಸಲಿ.

ಅಡುಗೆಯನ್ನು ಮೆಚ್ಚಿ ಅಡುಗೆಯವನನ್ನು ಹೊರದಬ್ಬುವುದಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಉಂಡ ಮನೆಗೆ ಎರಡು ಬಗೆಯುವುದು. ದೇಶವೆಂಬುದೂ ಒಂದು ಮನೆಯೇ, ಅಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಕೈಯಡುಗೆಯನ್ನು ಉಂಡವನೇ.